ಬೆನೆಡಿಕ್ಟಾ ನಿಂತ ಜಾಗ

ಅಲೋಶಿಯಸ್ ಮಥಾಯಸನ ಲೆಕ್ಕದಲ್ಲಿ ಈ ಕರಾವಳಿಯವರೆಲ್ಲ ಕಣ್ಣಿದ್ದೂ ಕುರುಡರು. ಕೈಗೊಂದು ಬಾಕ್ಸ್ ಕ್ಯಾಮೆರಾ ಸಿಕ್ಕಿದ್ದೇ ತಡ, ನಡುಮಧ್ಯಾಹ್ನ ಕಾಪುವಿನ ಬಸ್ಸು ಹತ್ತುವವರು. ದೀಪಸ್ತಂಭದ ಎದುರು ಹೆಂಡತಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸೂರ್ಯ ಬೆನ್ನಿಗಿದ್ದರೆ ಸಾಕು ಎಂದು ಗುಂಡಿ ಒತ್ತುವವರು. ಮಕ್ಕಳ ಕಾಲು ತುಂಡಾಗಿರುತ್ತದೆ, ಹೆಂಡತಿಯ ಕಣ್ಣು ಮುಚ್ಚಿರುತ್ತದೆ, ಸಮುದ್ರ ವಾಲಿಕೊಂಡು ಪಡುಬಿದ್ರಿಯ ಕಡೆಗೆ ಚೆಲ್ಲಿಹೋಗುವಂತೆ ಕಾಣುತ್ತದೆ. ಉಡುಪಿಯ ಕೋರ್ಟು ರಸ್ತೆಯಲ್ಲಿದ್ದ ತನ್ನ ಸ್ಟುಡಿಯೋದಲ್ಲಿ ಆ ರೀಲುಗಳನ್ನು ತೊಳೆದುಕೊಡುವಾಗ ಅಲೋಶಿಯಸ್ ಇದನ್ನೆಲ್ಲ ಗಿರಾಕಿಗಳ ಮುಖಕ್ಕೇ ಹೇಳುತ್ತಿದ್ದ. ಅವರು ನಕ್ಕು, ಆ ಹಾಳು ಫೋಟೋಗಳನ್ನು ಎದೆಗವುಚಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ ಉಳಿದ ಮಾತನ್ನು ಅವನು ಹೆಂಡತಿ ಬೆನೆಡಿಕ್ಟಾಳ ಮುಂದೆ ಹೇಳಿ ಮುಗಿಸುತ್ತಿದ್ದ.

ಅವನ ಮಾತು ಸುಳ್ಳಲ್ಲ, ಸಿಟ್ಟು ಬರುವುದೇ ಅದಕ್ಕೆ. ಮನುಷ್ಯ ಬರೀ ಬಡಾಯಿಯವನಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇವನಿಗೆ ಬೆಳಕು ನಿಜವಾಗಿಯೂ ಗೊತ್ತಿತ್ತು. ಮಧ್ಯಾಹ್ನದ ಬಿಸಿಲು ಮೀನು ಒಣಗಿಸಲಿಕ್ಕೆ ಲಾಯಕ್ಕೇ ಹೊರತು ಚಿತ್ರಕ್ಕಲ್ಲ ಎನ್ನುತ್ತಿದ್ದ. ಬೆಳಕು ಪಕ್ಕದಿಂದ ಬಂದರೆ ಮಾತ್ರ ಕಲ್ಲು ಕಲ್ಲಾಗಿ ಕಾಣುತ್ತದೆ, ಬೆನ್ನ ಹಿಂದಿನಿಂದ ಬಂದರೆ ಕಾರ್ಕಳದ ಕರಿಬಂಡೆಯೂ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗುತ್ತದೆ ಎನ್ನುತ್ತಿದ್ದ. ಆಕಾಶ ಚೆಂದವಿದ್ದ ದಿನ ನೀರಿನ ಗೆರೆಯನ್ನು ಕೆಳಗಿಳಿಸಬೇಕು, ಬೋಳಾಗಿದ್ದ ದಿನ ಮೇಲೇರಿಸಬೇಕು, ನಟ್ಟನಡುವೆ ಎಂದೂ ಎಳೆಯಬಾರದು. ಹತ್ತಿರದಲ್ಲಿ ಒಂದು ಬಂಡೆಯೋ ದೋಣಿಯ ಮೂತಿಯೋ ಇದ್ದರೆ ದೂರಕ್ಕೆ ಬೆಲೆ. ಆನೆಕೆರೆಯ ಮೇಲೆ ಮಂಜು ಎದ್ದು ಕರಗುವ ಗಳಿಗೆಗಾಗಿ ಮೊದಲ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ, ಆ ದಿನ ಮಂಜು ಏಳದಿದ್ದರೆ ಕ್ಯಾಮೆರಾ ಬಿಚ್ಚದೆ ವಾಪಸು ಬರುವಷ್ಟು ತಾಳ್ಮೆ ಅವನಲ್ಲಿತ್ತು. ಮೋಡಕ್ಕೂ ಮಂಜಿಗೂ ಇದ್ದ ಆ ತಾಳ್ಮೆಯಲ್ಲಿ ಒಂದು ಚಿಟಿಕೆಯೂ ಮನುಷ್ಯರ ಪಾಲಿಗೆ ಬರಲಿಲ್ಲ. ಬೆನೆಡಿಕ್ಟಾಳ ಪಾಲಿಗಂತೂ ಇಲ್ಲವೇ ಇಲ್ಲ.

ಅವಳು ಕುಕ್ಕುಂದೂರಿನವಳು, ಗದ್ದೆ ಮಾಡಿಕೊಂಡಿದ್ದ ಕ್ಲಾರಾಬಾಯಿಯ ಮೂರು ಹೆಣ್ಣುಮಕ್ಕಳಲ್ಲಿ ನಡುವಿನವಳು. ಸಾವಿರದ ಒಂಬೈನೂರ ಐವತ್ತರ ಬೇಸಗೆಯಲ್ಲಿ ಅವಳ ಮದುವೆಯಾಯಿತು. ಇಗರ್ಜಿಯ ಅಂಗಳದಲ್ಲಿ ಗಂಡು ಹೆಣ್ಣನ್ನು ನಿಲ್ಲಿಸಿ ಫೋಟೋ ತೆಗೆಯಲು ಮಂಗಳೂರಿನಿಂದ ಒಬ್ಬ ಬಂದಿದ್ದ. ವರ ತಾನೂ ಅದೇ ಕಸುಬಿನವನೆಂದು ಅವನು ಮರ್ಯಾದೆಯಿಂದ ತೊಳೆದ ಗಾಜಿನ ನೆಗೆಟಿವನ್ನೇ ತಂದು ವರನ ಕೈಗೆ ಕೊಟ್ಟ. ಅಲೋಶಿಯಸ್ ಅದನ್ನು ಕಿಟಕಿಗೆ ಹಿಡಿದು ನೋಡಿದ. ನೆತ್ತಿಯ ಬಿಸಿಲು, ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಸಾಲದ್ದಕ್ಕೆ ಅಂಗಳದ ಕಲ್ಲಿನ ಶಿಲುಬೆ ವಧುವಿನ ನೆತ್ತಿಯಿಂದಲೇ ಮೊಳೆತು ಬಂದ ಹಾಗೆ ನೆಟ್ಟಗೆ ನಿಂತಿತ್ತು. ಇಂಥದ್ದನ್ನು ಗೋಡೆಗೆ ಹಾಕಿದರೆ ನಾಳೆ ಯಾರು ತನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ ಎಂದ. ಮದುಮಗಳು ನೋಡುತ್ತಿದ್ದ ಹಾಗೆಯೇ ಗಾಜಿನ ಮೇಲಿನ ಮದುವೆಯನ್ನು ಬ್ಲೇಡಿನಿಂದ ಕೆರೆದುಹಾಕಿದ. ಒಳ್ಳೆಯ ಬೆಳಕಿನಲ್ಲಿ ನಾನೇ ಒಂದು ತೆಗೆಯುತ್ತೇನೆ ಎಂದು ಮಾತು ಕೊಟ್ಟ.

ಆ ಒಳ್ಳೆಯ ಬೆಳಕು ಬರಲೇ ಇಲ್ಲ. ಮಳೆಗಾಲದಲ್ಲಿ ಮಂಕು, ಬೇಸಗೆಯಲ್ಲಿ ಖಾರ, ನಡುವಿನ ತಿಂಗಳುಗಳಲ್ಲಿ ಬಂದ ಒಳ್ಳೆಯ ಬೆಳಕನ್ನೆಲ್ಲ ಬಂಡೆಗಳಿಗೂ ಕೆರೆಗಳಿಗೂ ಹಂಚಿಯಾಗುತ್ತಿತ್ತು. ಸ್ಟುಡಿಯೋದ ದೀಪದ ಕೆಳಗಾದರೂ ಒಂದು ತೆಗೆಯಿರಿ ಎಂದರೆ, ಅದು ಗಿರಾಕಿಗಳಿಗೆ ಎಂದುಬಿಡುತ್ತಿದ್ದ. ಬೇರೆ ಸ್ಟುಡಿಯೋಕ್ಕೆ ಹೋಗಿ ಕೂರುವ ಹಾಗೂ ಇರಲಿಲ್ಲ. ಫೋಟೋಗ್ರಾಫರನ ಹೆಂಡತಿ ಇನ್ನೊಬ್ಬನ ಕ್ಯಾಮೆರಾದ ಮುಂದೆ ಕುಳಿತಳೆಂದು ಊರಿಗೆ ಊರೇ ಆಡಿಕೊಳ್ಳುತ್ತಿತ್ತು.

ಫೋಟೋ ಇಲ್ಲದಿದ್ದರೆ ಏನಾಯಿತು ಎಂದು ಕೇಳುವವರಿಗೆ ಕುಕ್ಕುಂದೂರಿನ ಆ ಮನೆಯ ಗೋಡೆಯ ವಿಷಯ ಹೇಳಬೇಕು. ಕೊಂಕಣಿ ಕ್ರಿಸ್ತಾಂವ ಮನೆಗಳಲ್ಲಿ ಚಾವಡಿಯ ಆಲ್ತಾರಿನ, ಅಂದರೆ ದೇವರ ಪೀಠದ, ಕೆಳಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಫೋಟೋಗಳು ಸಾಲಾಗಿರುತ್ತವೆ. ಬಂದ ನೆಂಟರು ದೇವರಿಗೆ ಕೈಮುಗಿದ ಮೇಲೆ ನೋಡುವುದೇ ಆ ಸಾಲನ್ನು. ಯಾರ ಮಗಳು ಯಾವ ಮನೆ ಸೇರಿದಳು, ಅಳಿಯ ಎಂಥವನು, ಇಗರ್ಜಿಯಲ್ಲಿ ಕ್ರಮವಾಗಿ ಮದುವೆಯಾಯಿತೋ ಇಲ್ಲವೋ ಎಂಬುದಕ್ಕೆಲ್ಲ ಗೋಡೆಯೇ ಸಾಕ್ಷಿ. ಕ್ಲಾರಾಬಾಯಿಯ ಗೋಡೆಯಲ್ಲಿ ಹಿರಿಯವಳು ಸಿಸಿಲಿಯಾ ಬೊಂಬಾಯಿಯ ಗಂಡನ ಪಕ್ಕದಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ಒಂದು ಮೊಳೆ ಮಾತ್ರ ಇತ್ತು. ಮುದುಕಿ ಅದನ್ನು ಕೀಳಲೂ ಇಲ್ಲ, ಅದಕ್ಕೆ ಬೇರೇನನ್ನು ತೂಗುಹಾಕಲೂ ಬಿಡಲಿಲ್ಲ.

ಮೊದಮೊದಲು ಜನ ಕೇಳುತ್ತಿದ್ದರು, ಆಮೇಲೆ ಕೇಳುವುದನ್ನು ಬಿಟ್ಟು ತಾವೇ ಹೇಳತೊಡಗಿದರು. ಬೆನೆಡಿಕ್ಟಾಳಿಗೆ ಮಕ್ಕಳೂ ಆಗಿರಲಿಲ್ಲವಾದ್ದರಿಂದ ಹೇಳುವವರ ನಾಲಿಗೆಗೆ ಇನ್ನಷ್ಟು ಹುರುಪು. ಗಂಡ ಫೋಟೋದವನಂತೆ, ಹೆಂಡತಿಯ ಫೋಟೋ ಇಲ್ಲವಂತೆ, ಹಾಗಾದರೆ ಅಲ್ಲಿ ಏನೋ ಉಂಟು ಎಂದು. ಕಿರಿಯವಳು ಒಲಿಂಡಾಳಿಗೆ ಬಂದಿದ್ದ ಒಂದು ಸಂಬಂಧ ಈ ಮಾತಿನಿಂದಲೇ ಮುರಿದುಬಿತ್ತು. ಬಂದವರು ಚಹಾ ಕುಡಿದು, ಗೋಡೆ ನೋಡಿ, ಎರಡನೆಯವಳು ಇಗರ್ಜಿಯಲ್ಲಿ ಮದುವೆಯಾದವಳು ಹೌದೋ ಎಂದು ಹೊರಗೆ ಬೇರೆಯವರನ್ನು ವಿಚಾರಿಸಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೆನೆಡಿಕ್ಟಾ ಅಂದು ಉಡುಪಿಗೆ ಮರಳುವ ಬಸ್ಸಿನಲ್ಲಿ ಅತ್ತಳು. ತನ್ನ ಬದುಕಿಗೆ ಆದ ಅವಮಾನವನ್ನು ಅವಳು ನುಂಗಿಕೊಂಡಿದ್ದಳು, ತಂಗಿಯ ಬದುಕಿಗೂ ಅದು ಅಂಟಿಕೊಂಡಿತಲ್ಲ ಎಂಬುದು ನುಂಗಲಾಗಲಿಲ್ಲ.

ತಮಾಷೆಯೆಂದರೆ, ಅಷ್ಟು ವರ್ಷಗಳಲ್ಲಿ ಗಂಡನ ಕ್ಯಾಮೆರಾದ ಮುಂದೆ ಅವಳಷ್ಟು ನಿಂತವರು ಇನ್ನೊಬ್ಬರಿಲ್ಲ. ಅವನ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಹಿಂದಿನ ಮಸುಕು ಗಾಜನ್ನು ನೋಡಬೇಕಾದ ಹಳೆಯ ಮಾದರಿಯದು. ಬರೀ ಮರಳಿನ ಮೇಲೆ, ಬರೀ ನೀರಿನ ಮೇಲೆ ಫೋಕಸ್ ಕೂರುವುದಿಲ್ಲ. ಅಲ್ಲಿ ಒಬ್ಬ ಮನುಷ್ಯ ನಿಂತರೆ ಕೂರುತ್ತದೆ, ನೆರಳು ಎಷ್ಟು ಉದ್ದ ಬೀಳುತ್ತದೆ, ಮುಂದಿನ ಬಂಡೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದೂ ತಿಳಿಯುತ್ತದೆ. ಆದ್ದರಿಂದ ಭಾನುವಾರ ಪೂಜೆ ಮುಗಿದ ಮೇಲೆ ಬೆನೆಡಿಕ್ಟಾ ಚೀಲ ಹೊತ್ತು ಹೊರಡುವುದು, ಅವನು ಕೈ ತೋರಿಸಿದ ಕಡೆ ಹೋಗಿ ನಿಲ್ಲುವುದು. ಬಲಕ್ಕೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ. ಗಾಜಿನ ಮೇಲೆ ಲೋಕವೆಲ್ಲ ತಲೆಕೆಳಗಾಗಿ ಬೀಳುತ್ತದೆ. ಅವನು ಹೆಂಡತಿಯನ್ನು ಅತಿ ಹೆಚ್ಚು ನೋಡಿದ್ದು ಹೀಗೆ ತಲೆಕೆಳಗಾಗಿಯೇ. ಎಲ್ಲ ಸರಿಯಾಯಿತೆಂದಾಗ ಬಟ್ಟೆಯೊಳಗಿನಿಂದ ಒಂದು ಕೈ ಹೊರಗೆ ಬಂದು ನೊಣ ಓಡಿಸುವಂತೆ ಬೀಸುತ್ತಿತ್ತು. ಅವಳು ಓಡಿ ಆಚೆ ಹೋಗಬೇಕು. ಆಮೇಲೆ ಕ್ಲಿಕ್ಕು.

ಹೀಗೆ ಅವಳು ಹೂಡೆಯ ಹೊಳೆಬದಿಯಲ್ಲಿ ಕೆಸರಲ್ಲಿ ನಿಂತಳು, ಮಣಿಪಾಲದ ಬೋಳುಗುಡ್ಡದ ಅಂಚಿನಲ್ಲಿ ಗಾಳಿಗೆ ಸೆರಗು ಹಿಡಿದು ನಿಂತಳು, ಮಲ್ಪೆಯಲ್ಲಿ ಒಣಮೀನಿನ ವಾಸನೆಯಲ್ಲಿ ನಿಂತಳು. ಎಲ್ಲ ಚಿತ್ರಗಳೂ ಅವಳು ಸರಿದುಹೋದ ಮೇಲಿನವು. ಮೊದಲ ವರ್ಷಗಳಲ್ಲಿ ಅವಳಿಗೆ ಇದೊಂದು ದೊಡ್ಡ ವಿದ್ಯೆಯ ಸೇವೆ ಎನಿಸಿತ್ತು. ಗಂಡನ ಬೆರಳು ಎತ್ತ ಹೋದರೆ ಅತ್ತ ಅವಳ ಕಾಲು ಹೋಗುತ್ತಿತ್ತು. ಚಿತ್ರದಲ್ಲಿ ಮನುಷ್ಯ ಇದ್ದರೆ ಏನು ತಪ್ಪು ಎಂದು ಒಮ್ಮೆ ಕೇಳಿದಳು. ಮನುಷ್ಯ ಬಂದ ಕೂಡಲೇ ಚಿತ್ರ ಕೆಡುತ್ತದೆ, ನೋಡುವವನ ಕಣ್ಣು ಹೋಗಿ ಅಲ್ಲೇ ಕೂರುತ್ತದೆ ಎಂದು ಅವನು ಪಾಠ ಹೇಳಿದ. ಈ ಪಾಠ ಅವಳಿಗೆ ಬೇಗ ಅರ್ಥವಾಯಿತು. ನೋಡುವವನ ಕಣ್ಣು ಬಂದು ತನ್ನ ಮೇಲೆ ಕೂರುವುದೇ ಇವನಿಗೆ ಬೇಡ ಎಂಬಷ್ಟು ಅರ್ಥವಾಯಿತು.

ಅರವತ್ತೊಂದರ ಮಾರ್ಚಿನಲ್ಲಿ ಒಲಿಂಡಾಳಿಗೆ ಇನ್ನೊಂದು ಸಂಬಂಧದ ಮಾತು ಬಂತು. ಹುಡುಗ ಶಿರ್ವದವನು, ಊರಿಂದ ದೂರ ಕೆಲಸದಲ್ಲಿದ್ದವನು. ಅವನ ತಂದೆ ಜೋಕಿಮ್, ಎಲ್ಲವನ್ನೂ ಕಣ್ಣಾರೆ ನೋಡಿಯೇ ನಂಬುವ ಮನುಷ್ಯನೆಂದು ಹೆಸರಾದವನು. ಹುಡುಗ ರಜೆಯ ಮೇಲೆ ಬರುವುದು ಮುಂದಿನ ಜನವರಿಯಲ್ಲಿ, ಆಗ ಅವರು ಮನೆ ನೋಡಲು ಬರುತ್ತಾರೆ. ಅಷ್ಟರೊಳಗೆ ಆ ಮೊಳೆಗೆ ಫೋಟೋ ಬೀಳಲೇಬೇಕೆಂದು ಕ್ಲಾರಾಬಾಯಿ ಹೇಳಿಕಳಿಸಿದಳು. ಈ ಸಲವೂ ತಪ್ಪಿದರೆ ಒಲಿಂಡಾ ಮನೆಯಲ್ಲೇ ಉಳಿಯುತ್ತಾಳೆ, ಅದಕ್ಕೆ ನೀನೇ ಕಾರಣಳಾಗುತ್ತೀ ಎಂದೂ ಸೇರಿಸಿದಳು. ತಾಯಂದಿರು ಹೀಗೆ ಅನ್ಯಾಯವಾಗಿ ಮಾತಾಡುವುದುಂಟು, ಆದರೂ ಬೆನೆಡಿಕ್ಟಾಳಿಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಅವಳು ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವನು ಆಗ ಮಣಿಪಾಲದಲ್ಲಿ ನಡೆಯಲಿದ್ದ ಒಂದು ಪ್ರದರ್ಶನದ ಯೋಚನೆಯಲ್ಲಿ ಮುಳುಗಿದ್ದ. ಅಲ್ಲಿ ಕ್ಯಾಮೆರಾ ಕೊಂಡಿದ್ದ ಕೆಲವು ಡಾಕ್ಟರರೂ ಬ್ಯಾಂಕಿನವರೂ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ಅವರನ್ನೂ ಅವನು ಕುರುಡರೆಂದೇ ಕರೆಯುತ್ತಿದ್ದ, ಆ ಕುರುಡರು ಕೊಡುವ ಬಹುಮಾನ ಮಾತ್ರ ಬೇಕಾಗಿತ್ತು. ಕಾಪುವಿನ ಸಂಜೆಯ ಒಂದು ಚಿತ್ರ ಕಳಿಸಬೇಕೆಂದಿದ್ದ. ಆಯಿತು, ಕಾಪುವಿನಲ್ಲಿ ಒಳ್ಳೆಯ ಬೆಳಕು ಬಂದರೆ ನಿನ್ನನ್ನೂ ಇಟ್ಟುಕೊಂಡೇ ಒಂದು ತೆಗೆಯುವ ಎಂದ.

ಬೆನೆಡಿಕ್ಟಾ ಪೆಟ್ಟಿಗೆಯಿಂದ ಸಾಡೊ ತೆಗೆದಳು. ಮದುವೆಯಲ್ಲಿ ಗಂಡಿನ ಕಡೆಯವರು ಉಡಿಸುವ ಕೆಂಪು ಸೀರೆ ಅದು. ಇಗರ್ಜಿಯಲ್ಲಿ ಮದುವೆಯಾದವಳಲ್ಲದೆ ಬೇರೆ ಯಾರೂ ಅದನ್ನು ಉಡುವುದಿಲ್ಲ. ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು, ಯಾರ ಮದುವೆ ಎಂದು ಒಬ್ಬಳು ಕೇಳಿಯೂ ಕೇಳಿದಳು. ಅಲೋಶಿಯಸ್ ಆಕಾಶ ನೋಡುತ್ತಿದ್ದ. ಸಮುದ್ರದಂಚಿಗೆ ಬಂದ ಮೇಲೆ ಸೀರೆಯ ಮೇಲೆ ಅವನ ಕಣ್ಣು ಬಿತ್ತು. ಕೆಂಪು ಫಿಲ್ಮಿನಲ್ಲಿ ಕಪ್ಪಾಗಿ ಬರುತ್ತದೆ, ಒಳ್ಳೆಯದೇ ಆಯಿತು ಎಂದ. ಸೀರೆಯ ಬಗ್ಗೆ ಅವನು ಹೇಳಿದ್ದು ಅಷ್ಟೆ.

ಆ ಸಂಜೆಯ ಬೆಳಕನ್ನು ಅವಳೂ ಮರೆಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬಂಡೆಯ ಮೇಲೆ ದೀಪಸ್ತಂಭ, ಅದರ ಪಕ್ಕದಲ್ಲಿ ಸೂರ್ಯ ನೀರಿಗೆ ಹತ್ತಿರವಾಗುತ್ತಿದ್ದ, ತೆರೆ ಹಿಂದೆ ಸರಿದ ಒದ್ದೆ ಮರಳೆಲ್ಲ ಕಂಚಿನ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಸೂರ್ಯ ಎದುರಿಗಿದ್ದುದರಿಂದ ಅವಳ ನೆರಳು ಅವಳ ಕಾಲಬುಡದಿಂದ ಹೊರಟು ಕ್ಯಾಮೆರಾದವರೆಗೆ ಉದ್ದಕ್ಕೆ ಬಿದ್ದಿತ್ತು. ಬಟ್ಟೆಯೊಳಗಿನಿಂದ ಕೈ ಹೊರಗೆ ಬರುತ್ತದೋ ಎಂದು ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಕೈ ಬರಲಿಲ್ಲ. ಅವನು ತಲೆ ಹೊರಗೆ ತೆಗೆದು, ಅಲ್ಲಾಡಬೇಡ ಎಂದು ಕೂಗಿ, ಕ್ಲಿಕ್ಕಿಸಿದ. ಇನ್ನೊಂದು ತೆಗೆಯುವಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂತು. ಆ ಸಂಜೆ ಆದದ್ದು ಅದೊಂದೇ ಚಿತ್ರ, ಅದರಲ್ಲಿ ಅವಳಿದ್ದಳು. ಬೆನೆಡಿಕ್ಟಾಳಿಗೆ ಮರಳಿನ ಮೇಲೆ ಕುಣಿಯಬೇಕೆನಿಸಿತು. ಮರುದಿನವೇ ಕುಕ್ಕುಂದೂರಿಗೆ ಹೇಳಿಕಳಿಸಿದಳು. ಮುದುಕಿ ಕಾರ್ಕಳದ ಪೇಟೆಗೆ ಹೋಗಿ ಫೋಟೋಗಳಿಗೆ ಕಟ್ಟು ಹಾಕುವವನಿಗೆ ಗಾಜು ಕತ್ತರಿಸಿಡಲು ಹೇಳಿಬಂದಳು.

ಫಿಲ್ಮು ತೊಳೆದ ಮೇಲೆ ಅಲೋಶಿಯಸ್ ಅದನ್ನು ಯಾರಿಗೂ ತೋರಿಸಲಿಲ್ಲ. ಕಿಟಕಿಯ ಬಳಿ ಮೇಜು ಹಾಕಿ, ಭೂತಗಾಜು ಇಟ್ಟುಕೊಂಡು, ಮೊನೆ ಚೂಪಾದ ಸೀಸದಕಡ್ಡಿಯಲ್ಲೂ ಕೂದಲಿನಷ್ಟು ಸಪೂರದ ಕುಂಚದಲ್ಲೂ ನೆಗೆಟಿವನ್ನು ತಿದ್ದುತ್ತ ಕುಳಿತ. ಒಂದು ವಾರ ಬೇರೆ ಕೆಲಸವಿಲ್ಲ. ಪಾಸ್‌ಪೋರ್ಟಿನ ಫೋಟೋಕ್ಕೆ ಬಂದವರನ್ನೂ ವಾಪಸು ಕಳಿಸಿದ. ಮುಖ ಚೆಂದ ಮಾಡುತ್ತಿದ್ದಾರೆ ಎಂದು ಬೆನೆಡಿಕ್ಟಾ ತಿಳಿದಳು. ಎದುರು ಬೆಳಕಿನಲ್ಲಿ ಮುಖ ಕಪ್ಪಾಗುವುದು ಅವಳಿಗೂ ಗೊತ್ತಿತ್ತು. ತನಗಾಗಿ ಈ ಮನುಷ್ಯ ಒಂದು ವಾರ ಕಣ್ಣು ಸವೆಸುತ್ತಿದ್ದಾನಲ್ಲ ಎಂದು ಅವಳ ಎದೆ ತುಂಬಿಬಂತು. ಅವನ ಕೈ ಅಲುಗಬಾರದೆಂದು ಪಾತ್ರೆಯ ಸದ್ದೂ ಆಗದಂತೆ ಅಡಿಗೆ ಮಾಡಿದಳು, ಚಹಾ ತಂದು ಮೇಜಿನ ಅಂಚಿನಲ್ಲಿಟ್ಟು ತುದಿಗಾಲಲ್ಲಿ ಹೊರಗೆ ಬಂದಳು. ಪಾಪದ ಹೆಂಗಸು.

ಅವಳು ಚಿತ್ರವನ್ನು ಮೊದಲು ನೋಡಿದ್ದು ಮಣಿಪಾಲದ ಪ್ರದರ್ಶನದ ಗೋಡೆಯಲ್ಲಿ. ದೀಪಸ್ತಂಭ ಇತ್ತು, ಸೂರ್ಯ ಇದ್ದ, ಹೊಳೆಯುವ ಮರಳು ಇತ್ತು. ಅವಳು ನಿಂತ ಜಾಗದಲ್ಲಿ ಮರಳೇ ಇತ್ತು. ತಲೆ ಇದ್ದಲ್ಲಿ ತೆರೆಯ ನೊರೆ, ಸೊಂಟ ಇದ್ದಲ್ಲಿ ಒದ್ದೆ ಹೊಳಪು, ಸಾಡೊ ಇದ್ದಲ್ಲಿ ಮರಳಿನ ಕಣ. ಗುರುತು ಸಿಗದ ಹಾಗೆ, ಕಣ ಕಣವಾಗಿ ತುಂಬಿದ್ದ. ಆದರೆ ನೆರಳನ್ನು ಮಾತ್ರ ಮುಟ್ಟಿರಲಿಲ್ಲ. ಬರಿಯ ಮರಳಿನ ನಡುವಿನಿಂದ ಹೊರಟು ಚಿತ್ರದ ಕೆಳಗಿನ ಅಂಚಿನವರೆಗೆ ಅದು ಹಾಗೆಯೇ ಉದ್ದಕ್ಕೆ ಮಲಗಿತ್ತು.

ತೀರ್ಪುಗಾರರಲ್ಲಿ ಒಬ್ಬರು ಚಿತ್ರದ ಮುಂದೆ ಜನರನ್ನು ಗುಂಪುಗೂಡಿಸಿಕೊಂಡು ಆ ನೆರಳನ್ನೇ ಹೊಗಳುತ್ತಿದ್ದರು. ಕಣ್ಣನ್ನು ಕೆಳಗಿನಿಂದ ಕೈಹಿಡಿದು ದೀಪಸ್ತಂಭಕ್ಕೆ ಕರೆದೊಯ್ಯುವ ಗೆರೆ ಇದು, ಇದಿಲ್ಲದಿದ್ದರೆ ಚಿತ್ರವೇ ಇಲ್ಲ ಎಂದರು. ಯಾವುದರ ನೆರಳು ಎಂದು ಯಾರೋ ಕೇಳಿದಾಗ ಅಲೋಶಿಯಸ್ ತೆಂಗಿನ ಮರದ್ದು ಎಂದ. ಎಲ್ಲರೂ ತಲೆಯಾಡಿಸಿದರು. ಸೂರ್ಯ ಎದುರಿಗಿರುವಾಗ ಆ ತೆಂಗಿನ ಮರ ಎಲ್ಲಿ ನಿಂತಿರಬೇಕು ಎಂದು ಕ್ಯಾಮೆರಾ ಇದ್ದ ಅಷ್ಟೂ ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಮೊದಲ ಬಹುಮಾನ ಅವನಿಗೇ ಬಂತು. ಮಂಗಳೂರಿನ ಹಂಚಿನ ಕಾರ್ಖಾನೆಯೊಂದು ಮುಂದಿನ ವರ್ಷದ ಕ್ಯಾಲೆಂಡರಿಗೆ ಆ ಚಿತ್ರವನ್ನು ಕೇಳಿ ಪಡೆಯಿತು. ಬೆನೆಡಿಕ್ಟಾ ಕೈಯಲ್ಲಿ ಶರಬತ್ತಿನ ಲೋಟ ಹಿಡಿದು, ಕುಡಿಯುವುದೋ ಇಡುವುದೋ ತಿಳಿಯದೆ ನಿಂತಿದ್ದಳು.

ಮನೆಗೆ ಬಂದ ಮೇಲೆ ಕೇಳಿದಳು. ಅವನು ಮುಚ್ಚುಮರೆ ಮಾಡಲಿಲ್ಲ. ತಪ್ಪು ಮಾಡಿದವನ ಅಳುಕೂ ಅವನಲ್ಲಿರಲಿಲ್ಲ.

"ನೀನು ಇದ್ದರೆ ಅದು ಯಾವುದೋ ಹೆಂಗಸಿನ ಚಿತ್ರ ಆಗ್ತದೆ," ಎಂದ. "ನೆರಳು ಮಾತ್ರ ಬೇಕಿತ್ತು ನನಗೆ. ಅದು ಕಂಪೋಸಿಷನ್ನಿಗೆ."

ಹೆಂಡತಿಯನ್ನು ಯಾವುದೋ ಹೆಂಗಸು ಎಂದದ್ದು ಅವನ ಗಮನಕ್ಕೇ ಬರಲಿಲ್ಲ. ಬೆನೆಡಿಕ್ಟಾಳಿಗೆ ಅಳು ಬರಲಿಲ್ಲ. ಹನ್ನೊಂದು ವರ್ಷ ತಾನು ದೊಡ್ಡದೆಂದು ತಲೆಯ ಮೇಲೆ ಹೊತ್ತದ್ದು ಎಷ್ಟು ಸಣ್ಣದು ಎಂದು ಕಂಡು ಅಸಹ್ಯವಾಯಿತು. ಕುಂಚ ಹಿಡಿದು ಕೂತಿದ್ದ ಆ ಬಾಗಿದ ಬೆನ್ನಿಗೆ ತಾನು ತಂದಿಟ್ಟ ಚಹಾಗಳು ನೆನಪಾಗಿ ತನ್ನ ಮೇಲೇ ಹೇಸಿಗೆ ಬಂತು.

ಮುಂದಿನ ಭಾನುವಾರ ಅವನು ಚೀಲ ತುಂಬಿಸಿ ಹೊರಗೆ ನಿಂತು ಕರೆದ. ಅವಳು ಬರುವುದಿಲ್ಲ ಎಂದಳು, ಕಾರಣ ಹೇಳಲಿಲ್ಲ. ಅವನು ಕಾರಣ ಕೇಳಲೂ ಇಲ್ಲ, ಗಾಡಿಯ ಒಂದು ಗೂಟ ಹುಡುಕಿ ಹೊತ್ತುಕೊಂಡು ಹೋದ. ಗೂಟಕ್ಕೆ ನಿಲ್ಲಲು ಬರುತ್ತಿತ್ತು, ಸರಿಯಲು ಬರುತ್ತಿರಲಿಲ್ಲ. ಫೋಕಸ್ ಹಿಡಿದು, ಓಡಿಹೋಗಿ ಗೂಟ ಕಿತ್ತು, ಮರಳಿನ ಮೇಲೆ ಮೂಡಿದ ತನ್ನದೇ ಹೆಜ್ಜೆಗುರುತು ಅಳಿಸುತ್ತ ಹಿಂದೆ ಹಿಂದೆ ಬರುವಷ್ಟರಲ್ಲಿ ಬೆಳಕು ಕೈಬಿಟ್ಟಿರುತ್ತಿತ್ತು. ಆ ವರ್ಷ ಅವನಿಗೆ ಹೇಳಿಕೊಳ್ಳುವಂಥ ಒಂದು ಚಿತ್ರವೂ ಸಿಗಲಿಲ್ಲ. ದೋಷವೆಲ್ಲ ಹವಾಮಾನದ್ದೆಂದು ಗೊಣಗಿದ.

ಮಳೆಗಾಲ ಕಳೆಯಿತು. ಕ್ಲಾರಾಬಾಯಿ ಕತ್ತರಿಸಿಟ್ಟ ಗಾಜಿಗೆ ಫೋಟೋ ಎಲ್ಲಿ ಎಂದು ಮತ್ತೆ ಮತ್ತೆ ಹೇಳಿಕಳಿಸಿದಳು. ಡಿಸೆಂಬರಿನಲ್ಲಿ, ಇನ್ನು ತಡಮಾಡುವ ಹಾಗಿಲ್ಲ ಎಂದಾದಾಗ, ಬೆನೆಡಿಕ್ಟಾ ಸಾಡೊ ಉಟ್ಟು, ಒಲಿಂಡಾಳನ್ನು ಜೊತೆಗೆ ಕರೆದುಕೊಂಡು ಕಾಪುವಿಗೆ ಹೋದಳು. ಅದು ಎಲ್ಲರೂ ಹೋಗುವ ಹೊತ್ತು, ನಡುಮಧ್ಯಾಹ್ನ. ದೀಪಸ್ತಂಭದ ಬಂಡೆಯ ಕೆಳಗೆ ಧರ್ಮಪಾಲ ಎಂಬವನು ನಿಂತಲ್ಲೇ ಫೋಟೋ ತೊಳೆದುಕೊಡುವ ತನ್ನ ಮಿನಿಟ್ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದ. ಮೀನುಗಾರರ ಮನೆಯವನು, ದೋಣಿಗೆ ಹೋಗಲು ಸೋಮಾರಿತನವಾಗಿ ಈ ಕೆಲಸ ಹಿಡಿದಿದ್ದ. ಫೋಟೋದ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಅಲೋಶಿಯಸ್ ಅವನ ಹೆಸರೆತ್ತಿದರೇ ಮೂಗು ಮುರಿಯುತ್ತಿದ್ದ, ಮುರಿಯುವುದು ನ್ಯಾಯವೇ ಆಗಿತ್ತು.

ಧರ್ಮಪಾಲ ಅವಳನ್ನು ನೇರ ಸೂರ್ಯನಿಗೆ ಮುಖ ಮಾಡಿಸಿ ನಿಲ್ಲಿಸಿದ. ಅವಳ ಕಾಲು ಅಭ್ಯಾಸಬಲದಿಂದ ಒಂದು ಬದಿಗೆ ಸರಿಯಲು ಹೊರಟಿತು.

"ಎಂತಕ್ಕೆ ಅಕ್ಕ ಹೋಗುವುದು? ಅಲ್ಲೇ ನಿಲ್ಲಿ," ಎಂದ ಧರ್ಮಪಾಲ. "ನೀವು ಹೋದ್ರೆ ನಾನು ಯಾರ ಫೋಟೋ ತೆಗೆಯುವುದು?"

ಅವಳಿಗೆ ನಗು ಬಂತು, ಹೊಟ್ಟೆಯೊಳಗಿನಿಂದ ಬಂದ ನಗು. ಅಷ್ಟರಲ್ಲಿ ಅವನು ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿಯಾಗಿತ್ತು.

ಜನವರಿಯಲ್ಲಿ, ರಜೆಗೆ ಬಂದ ಮಗನನ್ನು ಮನೆಯಲ್ಲೇ ಬಿಟ್ಟು, ಶಿರ್ವದ ಜೋಕಿಮ್ ಹೆಂಡತಿಯೊಡನೆ ಕುಕ್ಕುಂದೂರಿಗೆ ಬಂದ. ಹಿರಿಯ ಅಳಿಯ ಬೊಂಬಾಯಿಯಲ್ಲಿದ್ದುದರಿಂದ ಅಲೋಶಿಯಸ್ ಬರಲೇಬೇಕಾಗಿತ್ತು. ಬರುವಾಗ ಹಂಚಿನ ಕಾರ್ಖಾನೆಯ ಕ್ಯಾಲೆಂಡರನ್ನು ಸುರುಳಿ ಸುತ್ತಿ ತಂದು, ಬಂದವರಿಗೆ ಎದುರಾಗಿ ಕಾಣುವಂತೆ ಚಾವಡಿಯ ಬಾಗಿಲ ಪಕ್ಕದಲ್ಲಿ ತಾನೇ ತೂಗುಹಾಕಿದ. ಜೋಕಿಮ್ ಆಲ್ತಾರಿಗೆ ಕೈಮುಗಿದು, ರೂಢಿಯಂತೆ ಕೆಳಗಿನ ಸಾಲಿಗೆ ಬಂದ. ಸಿಸಿಲಿಯಾಳನ್ನು ನೋಡಿದ, ಪಕ್ಕದಲ್ಲಿ ಹೊಸ ಕಟ್ಟಿನೊಳಗೆ ಸಾಡೊ ಉಟ್ಟು ನಗುತ್ತಿದ್ದವಳನ್ನು ನೋಡಿದ. ಎರಡನೆಯವಳು ಇವಳೇ ಅಲ್ಲವೇ ಎಂದು ಕೇಳಿ, ಹೌದೆಂದ ಮೇಲೆ ಕುರ್ಚಿಗೆ ಬಂದು ಕುಳಿತ. ಕ್ಲಾರಾಬಾಯಿ ಬಿಟ್ಟ ಉಸಿರು ಒಳಕೋಣೆಯಲ್ಲಿದ್ದ ಬೆನೆಡಿಕ್ಟಾಳಿಗೂ ಕೇಳಿಸಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಲೋಶಿಯಸನ ಕಣ್ಣು ಆ ಫೋಟೋದ ಮೇಲೆ ಬಿತ್ತು, ಅವನು ಅದನ್ನು ಕಾಣುತ್ತಿದ್ದುದು ಅದೇ ಮೊದಲು. ಹೆಂಡತಿ ಯಾವಾಗ ಹೋದಳು, ಯಾಕೆ ಹೋದಳು ಎಂದು ಅವನು ಕೇಳಲಿಲ್ಲ. ಎದ್ದು ಹತ್ತಿರ ಹೋಗಿ, ಬೆರಳಿಟ್ಟು, ಬೀಗರಾಗಲಿರುವವರಿಗೆ ಪಾಠ ಶುರುಮಾಡಿದ. ನೆತ್ತಿಯ ಬಿಸಿಲು ನೋಡಿ, ಕಣ್ಣಿನ ಕೆಳಗೆ ಮಸಿ ಬಳಿದ ಹಾಗೆ. ನೀರಿನ ಗೆರೆ ನೋಡಿ, ಕತ್ತನ್ನು ಕೊಯ್ದುಕೊಂಡು ಹೋಗಿದೆ. ಲೈಟ್‌ಹೌಸು ತಲೆಯ ಮೇಲೆ ಕೊಂಬಿನ ಹಾಗೆ ಬೆಳೆದಿದೆ. ಒಂದು ಮಾತೂ ಸುಳ್ಳಾಗಿರಲಿಲ್ಲ. ಜೋಕಿಮ್ ಚಹಾದ ಲೋಟ ಹಿಡಿದುಕೊಂಡು ಅವನ ಬೆರಳು ಹೋದಲ್ಲೆಲ್ಲ ನೋಡಿದ.

ಕ್ಲಾರಾಬಾಯಿ ಮುಖ ಕೆಂಪಗೆ ಮಾಡಿಕೊಂಡು ಕುಳಿತಿದ್ದಳು. ಕ್ಯಾಮೆರಾವನ್ನು ಅವಳು ಜನ್ಮದಲ್ಲಿ ಮುಟ್ಟಿದವಳಲ್ಲ.

"ನನ್ನ ಮಗಳು ಅಂತ ಗೊತ್ತಾಗ್ತದಲ್ಲ ಅಲೋಶಿಯಸ್," ಎಂದಳು. "ನನಗೆ ಅಷ್ಟು ಸಾಕು."

ಅವನು ಮುದುಕಿಯ ಅಜ್ಞಾನಕ್ಕೆ ನಕ್ಕು, ಚಿತ್ರವೆಂದರೆ ಏನು ಎಂದು ತೋರಿಸಲು ಕ್ಯಾಲೆಂಡರಿನ ಕಡೆ ತಿರುಗಿದ. ಇಲ್ಲಿ ನೋಡಿ, ಅದೇ ಕಾಪು, ಅದೇ ಲೈಟ್‌ಹೌಸ್. ಬೆಳಕು ಹೇಗೆ ಬಂದಿದೆ ನೋಡಿ. ಈ ನೆರಳು ನಿಮ್ಮ ಕಣ್ಣನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ನೋಡಿ. ಜೋಕಿಮ್ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದ. ಶಿರ್ವದಿಂದ ಕಾಪುವಿನ ಕಡಲು ದೂರವಿಲ್ಲ.

"ಯಾರದ್ದು ಈ ನೆರಳು?" ಎಂದು ಕೇಳಿದ.

"ತೆಂಗಿನ ಮರದ್ದು," ಎಂದ ಅಲೋಶಿಯಸ್.

"ಸೂರ್ಯ ಎದುರಿಗೇ ಉಂಟಲ್ಲ ಮಾರಾಯ. ಹಾಗಾದ್ರೆ ಮರ ಈ ಮರಳಿನ ಮೇಲೇ ಇರಬೇಕಿತ್ತು. ಎಲ್ಲಿ ಉಂಟು ಮರ?"

ಅಲೋಶಿಯಸ್ ಕ್ಯಾಲೆಂಡರಿನ ಅಂಚು ನೇರಮಾಡತೊಡಗಿದ. ಬೆನೆಡಿಕ್ಟಾ ತಿಂಡಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ತಟ್ಟೆಯನ್ನು ಜೋಕಿಮನ ಮುಂದೆ ಇಟ್ಟು, ಸೆರಗು ಸರಿಮಾಡಿಕೊಂಡಳು. ಅವಳ ಸ್ವರ ಏರಲಿಲ್ಲ.

"ಅದು ನನ್ನ ನೆರಳು. ನಾನು ಅಲ್ಲಿ ನಿಂತಿದ್ದೆ, ಆ ಫೋಟೋದಲ್ಲಿರುವ ಅದೇ ಸಾಡೊ ಉಟ್ಟುಕೊಂಡು. ಒಂದು ವಾರ ಕೂತು ನನ್ನನ್ನು ಅಳಿಸಿದ್ರು. ನೆರಳು ಚೆಂದ ಕಾಣ್ತದೆ ಅಂತ ಅದನ್ನು ಇಟ್ಟುಕೊಂಡ್ರು."

ಜೋಕಿಮನ ಹೆಂಡತಿಯೂ ಎದ್ದು ಬಂದು ಕ್ಯಾಲೆಂಡರಿನ ಖಾಲಿ ಮರಳನ್ನು ಬಗ್ಗಿ ನೋಡಿದಳು, ಆಮೇಲೆ ಬೆನೆಡಿಕ್ಟಾಳ ಮುಖ ನೋಡಿದಳು. ಅದೊಂದು ಕಲೆಯ ವಿಷಯ, ಹೇಳಿದರೆ ಎಲ್ಲರಿಗೂ ಅರ್ಥವಾಗುವಂಥದ್ದಲ್ಲ ಎಂದು ಅಲೋಶಿಯಸ್ ಗೊಣಗಿದ. ಯಾರೂ ಅರ್ಥ ಕೇಳಲಿಲ್ಲ. ಜೋಕಿಮ್ ತಿರುಗಿ ಆಲ್ತಾರಿನ ಕೆಳಗೆ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ನಗುತ್ತಿದ್ದ ಬೆನೆಡಿಕ್ಟಾಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದ. ಆಮೇಲೆ ಬಂದು ಕುಳಿತು, ತಟ್ಟೆಗೆ ಕೈ ಹಾಕಿ, ಕ್ಲಾರಾಬಾಯಿಯನ್ನು ಕೇಳಿದ.

"ಇದನ್ನು ತೆಗೆದವನು ಯಾರು? ಒಲಿಂಡಾನ ಮದುವೆಗೂ ಅವನಿಗೇ ಹೇಳುವ, ಅಲ್ವಾ?"

ಬೆನೆಡಿಕ್ಟಾ ಧರ್ಮಪಾಲನ ಹೆಸರು ಹೇಳಿ, ಅವನು ಕೂರುವ ಜಾಗವನ್ನೂ ಹೇಳಿದಳು. ಕೋರ್ಟು ರಸ್ತೆಯಲ್ಲಿ ಸ್ವಂತ ಸ್ಟುಡಿಯೋ ಇದ್ದ ಅಳಿಯ ಕ್ಯಾಲೆಂಡರಿನ ಪಕ್ಕದಲ್ಲೇ ನಿಂತಿದ್ದ. ಅವನನ್ನು ಕೂರು ಎಂದು ಯಾರೂ ಹೇಳಲಿಲ್ಲ.